ಟ್ರಾಲಿಗೆ ಟ್ಯಾಗ್, ರ‍್ಯಾಕ್ ಪಕ್ಕ ಟಿವಿ: ಕೊಡಗಿನ ಅಂಗಡಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಟ್ರಾಲಿ ಕಾಫಿ ಪುಡಿ ರ‍್ಯಾಕ್ ಹತ್ತಿರ ಬಂದಾಗ ಅಲ್ಲಿನ ಟಿವಿಯಲ್ಲಿ ಕಾಫಿಯ ವಿಡಿಯೋ ಬರಬೇಕು. ಆದರೆ ಪಕ್ಕದ ಸಾಲಿನಲ್ಲಿ ಸೋಪು ನೋಡುತ್ತಿರುವವರ ಟ್ರಾಲಿಗೂ ಅದೇ ಟಿವಿ ಬದಲಾಗುತ್ತದೆ. ಇಲ್ಲವೇ ಎರಡು ವಿಡಿಯೋಗಳ ನಡುವೆ ಪಟಪಟ ಹಾರಾಡುತ್ತದೆ. ಇಲ್ಲವೇ ಟ್ರಾಲಿ ಎದುರಲ್ಲೇ ನಿಂತಿದ್ದರೂ ಒಂದು ಸಲ ಬದಲಾಗಿ ಆಮೇಲೆ ಸುಮ್ಮನಾಗುತ್ತದೆ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಅಂಗಡಿಯವರು ಏನೇ ಕೇಳಲಿ, ಮಾತು ಕೊನೆಗೆ ಈ ಮೂರು ತೊಂದರೆಗೇ ಬಂದು ನಿಲ್ಲುತ್ತದೆ.

ಬಹುಪಾಲು ಕಡೆ ತಪ್ಪಿರುವುದು ಸಾಮಾನಿನಲ್ಲಿ ಅಲ್ಲ, ಕೆಲಸದ ಕ್ರಮದಲ್ಲಿ. ಮೊದಲು ಟಿವಿ ತರುತ್ತಾರೆ, ಆಮೇಲೆ ಸಾಫ್ಟ್‌ವೇರ್ ಹಾಕಿಸುತ್ತಾರೆ, ಕೊನೆಗೆ ಟ್ರಾಲಿಯ ಗುರುತು ಹೇಳುವ ಚಿಕ್ಕ ಟ್ಯಾಗನ್ನು ಸಿಕ್ಕಲ್ಲಿ ಅಂಟಿಸುತ್ತಾರೆ. ಇದು ತಿರುಗುಮುರುಗಾಗಬೇಕು. ಮೊದಲು ಜಾಗ, ಆಮೇಲೆ ಟ್ಯಾಗ್, ಆಮೇಲೆ ಅಳತೆ, ಎಲ್ಲಕ್ಕಿಂತ ಕೊನೆಗೆ ಟಿವಿ. ಇನ್ನೊಂದು ಮಾತು: ಟ್ರಾಲಿ ಎಷ್ಟು ಮೀಟರ್ ದೂರದಲ್ಲಿದೆ ಎಂದು ಅಳೆಯಲು ಹೋಗಲೇಬೇಡಿ. ಈ ಟ್ಯಾಗ್‌ಗಳು ಅಂಗಡಿಯ ಒಳಗೆ ಅದನ್ನು ನಂಬುವ ಹಾಗೆ ಹೇಳುವುದಿಲ್ಲ. ಟ್ರಾಲಿ ಈ ಜಾಗದಲ್ಲಿ ಇದೆಯೋ ಇಲ್ಲವೋ, ಅಷ್ಟನ್ನೇ ಕೇಳಿ.

ಕೆಲಸ ನಡೆಯುವುದು ಹೀಗೆ. ಟ್ರಾಲಿ ಮೇಲಿನ ಟ್ಯಾಗ್ ತನ್ನ ನಂಬರ್ ಹೇಳುತ್ತಿರುತ್ತದೆ. ರ‍್ಯಾಕ್ ಹತ್ತಿರದ ರಿಸೀವರ್ ಅದನ್ನು ಕೇಳಿಸಿಕೊಂಡು ಅಂಗಡಿಯಲ್ಲೇ ಇರುವ ಒಂದು ಚಿಕ್ಕ ಕಂಪ್ಯೂಟರಿಗೆ ತಿಳಿಸುತ್ತದೆ. ಆ ಕಂಪ್ಯೂಟರ್ ನಿಯಮ ನೋಡಿ, ಟಿವಿಯಲ್ಲಿ ಯಾವ ವಿಡಿಯೋ ಬರಬೇಕೆಂದು ಹೇಳುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಬೇಕಾಗದ ಹಾಗೇ ಕಟ್ಟಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜುಲೈ ಮಳೆಯಲ್ಲಿ ನಮ್ಮ ಕಡೆ ನೆಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಯಾರು ಹೇಳುತ್ತಾರೆ?

ಹಂತ 1: ಕಾಗದದ ಮೇಲೆ ಅಂಗಡಿ ಬಿಡಿಸಿ

ದೊಡ್ಡ ಹಾಳೆಯಲ್ಲಿ ಅಂಗಡಿಯ ನಕ್ಷೆ ಬರೆಯಿರಿ. ಯಾವ ರ‍್ಯಾಕ್ ಕಬ್ಬಿಣದ್ದು, ಯಾವುದು ಮರದ್ದು ಎಂದು ಬೇರೆ ಬಣ್ಣದಲ್ಲಿ ಗುರುತು ಹಾಕಿ. ಫ್ರಿಜ್, ಬಿಲ್ಲಿಂಗ್ ಕೌಂಟರ್, ಟ್ರಾಲಿ ನಿಲ್ಲಿಸುವ ಜಾಗ, ಪ್ಲಗ್ ಪಾಯಿಂಟ್‌ಗಳನ್ನೂ ತೋರಿಸಿ.

ಆಮೇಲೆ ಜನ ಇರುವ ಒಂದು ಶನಿವಾರ ಸಂಜೆ ಮೂಲೆಯಲ್ಲಿ ನಿಂತು ನೋಡಿ. ಟ್ರಾಲಿ ಎಲ್ಲಿ ಹಾದು ಹೋಗುತ್ತದೆ ಅನ್ನುವುದು ಮುಖ್ಯವಲ್ಲ, ಎಲ್ಲಿ ನಿಲ್ಲುತ್ತದೆ ಅನ್ನುವುದು ಮುಖ್ಯ. ಪ್ರವಾಸಿಗಳು ಕಾಫಿ ಪುಡಿ, ಜೇನು, ಕಾಳುಮೆಣಸು, ಏಲಕ್ಕಿ ಎದುರು ನಿಂತು ಬಾಟಲಿ ತಿರುಗಿಸಿ ನೋಡುತ್ತಾರೆ. ಊರಿನವರು ಅಲ್ಲಿ ನಿಲ್ಲುವುದೇ ಇಲ್ಲ, ನೇರ ಅಕ್ಕಿ ಬೇಳೆ ಕಡೆಗೆ ನಡೆಯುತ್ತಾರೆ. ಜನ ನಿಲ್ಲದ ಕಡೆ ಟಿವಿ ಹಾಕಿ ಫಲವಿಲ್ಲ.

ಇಲ್ಲಿ ತುಂಬಾ ಜನ ಗಮನಿಸದ ವಿಷಯ ಒಂದಿದೆ. ನಮ್ಮ ಪೇಟೆ ಅಂಗಡಿಗಳ ಸಾಲುಗಳು ಕಿರಿದು. ಗಿರಾಕಿ ಟ್ರಾಲಿಯನ್ನು ಸಾಲಿನ ಬಾಯಲ್ಲೇ ಬಿಟ್ಟು, ಒಳಗೆ ನಡೆದು ಹೋಗಿ, ಸಾಮಾನು ತಂದು ಹಾಕುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದರೆ ರಿಸೀವರ್ ಇರಬೇಕಾದದ್ದು ಸಾಲಿನ ಬಾಯಲ್ಲಿ, ರ‍್ಯಾಕಿನ ಮಧ್ಯದಲ್ಲಿ ಅಲ್ಲ.

ಹೀಗೆ ಗುರುತಿಸಿದ ಪ್ರತಿ ಜಾಗವನ್ನೂ ‘ವಲಯ’ ಎಂದು ಕರೆಯೋಣ. ಒಂದು ವಲಯ ಕನಿಷ್ಠ 2 ಮೀಟರ್ ಉದ್ದ, 2 ಮೀಟರ್ ಅಗಲ ಇರಲಿ. ಅದಕ್ಕಿಂತ ಚಿಕ್ಕದನ್ನು ಬ್ಲೂಟೂತ್‌ನಿಂದ ಹಿಡಿಯಲು ಹೋದರೆ ಸೋಲುತ್ತೀರಿ. ಎರಡು ವಲಯಗಳ ನಡುವೆ 4 ಮೀಟರ್ ಆದರೂ ಖಾಲಿ ಬಿಡಿ. ಬಿಲ್ಲಿಂಗ್ ಕೌಂಟರ್ ಮತ್ತು ಟ್ರಾಲಿ ಸ್ಟ್ಯಾಂಡ್ ಹತ್ತಿರ ವಲಯ ಮಾಡಲೇಬೇಡಿ. ಅಲ್ಲಿ ಯಾವಾಗಲೂ ಟ್ರಾಲಿಗಳು ಗುಂಪಾಗಿ ನಿಂತಿರುವುದರಿಂದ ಟಿವಿಗೆ ಬಿಡುವೇ ಸಿಗುವುದಿಲ್ಲ.

ಮೊದಲು ಒಂದೇ ವಲಯ, ಒಂದೇ ಟ್ರಾಲಿ. ಅದು ಸರಿಯಾಗಿ ನಡೆದ ಮೇಲೆ ಎರಡನೆಯದು.

ಹಂತ 2: ಯಾವ ಟ್ಯಾಗ್ ಎಂದು ತೀರ್ಮಾನಿಸಿ

ಮೂರು ಬಗೆ ಸಿಗುತ್ತವೆ. ಎನ್‌ಎಫ್‌ಸಿ ಟ್ಯಾಗ್ 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಕೆಲವೇ ಸೆಂಟಿಮೀಟರ್ ಹತ್ತಿರ ಬಂದರೆ ಮಾತ್ರ ಓದುತ್ತದೆ. ಓಡಾಡುವ ಟ್ರಾಲಿಗೆ ಅದು ಬೇಡ.

ಎರಡನೆಯದು ಯುಎಚ್‌ಎಫ್ ಆರ್‌ಎಫ್‌ಐಡಿ, ಅಂದರೆ ರೀಡರ್ ಕಳಿಸುವ ರೇಡಿಯೋ ಅಲೆಗೆ ಉತ್ತರ ಕೊಡುವ ಟ್ಯಾಗ್. ಟ್ಯಾಗ್‌ಗೆ ಬ್ಯಾಟರಿ ಇಲ್ಲ, ಬೆಲೆಯೂ ಕಡಿಮೆ. ಆದರೆ ರೀಡರ್ ಮತ್ತು ಆಂಟೆನಾ ದುಬಾರಿ, ಪ್ರತಿ ವಲಯಕ್ಕೂ ಆಂಟೆನಾ ಬೇಕು. ಭಾರತದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್ ಬಳಸಲು ಲೈಸೆನ್ಸ್ ಬೇಕಿಲ್ಲ. ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್, ಆಂಟೆನಾದಿಂದ ಹೊರಡುವ ಪವರ್ 4 ವ್ಯಾಟ್ ಮೀರಬಾರದು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಕೆಲವು ರೀಡರ್‌ಗಳು ಅಮೆರಿಕದ 902ರಿಂದ 928 ಮೆಗಾಹರ್ಟ್ಸ್‌ಗೆ ಸೆಟ್ ಆಗಿ ಬರುತ್ತವೆ. ಆ ತರಂಗಪಟ್ಟಿಯ ಒಂದು ಭಾಗ ನಮ್ಮಲ್ಲಿ ಮೊಬೈಲ್ ಸೇವೆಗೆ ಕೊಟ್ಟಿರುವಂಥದ್ದು. ರೀಡರ್ ಆನ್ ಮಾಡುವ ಮುಂಚೆಯೇ ಅದರ ಸೆಟ್ಟಿಂಗ್‌ನಲ್ಲಿ ದೇಶ ‘ಭಾರತ’ ಎಂದು ಬದಲಿಸಿ. ಬದಲಿಸಲು ಬರದ ರೀಡರ್ ಆದರೆ ವಾಪಸ್ ಕೊಡಿ.

ಮೂರನೆಯದು ಬಿಎಲ್‌ಇ ಬೀಕನ್, ಅಂದರೆ ಕಡಿಮೆ ಕರೆಂಟಿನ ಬ್ಲೂಟೂತ್ ಟ್ಯಾಗ್. ಒಳಗೆ ಗುಂಡಿ ಬ್ಯಾಟರಿ ಇರುತ್ತದೆ. ರಿಸೀವರ್ ತುಂಬಾ ಅಗ್ಗ. ಹತ್ತಿಪ್ಪತ್ತು ಟ್ರಾಲಿ, ಎರಡು ಮೂರು ಟಿವಿ ಇರುವ ನಮ್ಮ ಕಡೆಯ ಅಂಗಡಿಗೆ ಇದೇ ಸಾಕು ಅನ್ನುತ್ತೇನೆ. ಮುಂದಿನ ಹಂತಗಳನ್ನು ಬಿಎಲ್‌ಇ ಇಟ್ಟುಕೊಂಡೇ ಬರೆದಿದ್ದೇನೆ. ಯುಎಚ್‌ಎಫ್ ಹಾಕಿಸಿಕೊಂಡವರಿಗೆ ಬೇಕಾದ ಮಾತು ಅಲ್ಲಲ್ಲಿ ಬರುತ್ತದೆ.

ಹಂತ 3: ಸಾಮಾನು ಹೊಂದಿಸಿ

ಬೀಕನ್ ಕೊಳ್ಳುವಾಗ ಮೂರು ವಿಷಯ ನೋಡಿ. ಅದು ಐಬೀಕನ್ ಮಾದರಿಯಲ್ಲಿ ಸಿಗ್ನಲ್ ಕಳಿಸಬೇಕು. ಒಳಗೆ ಅಲುಗಾಟ ಗುರುತಿಸುವ ಸೆನ್ಸರ್ ಇರಬೇಕು. ಬ್ಯಾಟರಿ ಸಿಆರ್2477 ಆಗಿದ್ದರೆ ಒಳ್ಳೆಯದು. ಅದರಲ್ಲಿ ಸುಮಾರು 1000 ಮಿಲಿಆಂಪ್ ಅವರ್ ಇರುತ್ತದೆ, ಸಾಮಾನ್ಯ ಸಿಆರ್2032ರಲ್ಲಿ ಸುಮಾರು 220 ಮಾತ್ರ. ಅಲುಗಾಟದ ಸೆನ್ಸರ್ ಯಾಕೆ ಅಂದರೆ, ಟ್ರಾಲಿ ಓಡಾಡುವಾಗ ಮಾತ್ರ ಟ್ಯಾಗ್ ಜಾಸ್ತಿ ಸಿಗ್ನಲ್ ಕಳಿಸುತ್ತದೆ, ರಾತ್ರಿಯಿಡೀ ಸುಮ್ಮನಿರುತ್ತದೆ. ಬ್ಯಾಟರಿ ಉಳಿಯುತ್ತದೆ.

ಉಳಿದದ್ದು:

- ಪ್ರತಿ ವಲಯಕ್ಕೆ ಒಂದು ಇಎಸ್‌ಪಿ32 ಬೋರ್ಡ್, ಅದಕ್ಕೆ 5 ವೋಲ್ಟ್ 1 ಆಂಪ್ ಅಡಾಪ್ಟರ್. ಇದೇ ರಿಸೀವರ್.
- ಪ್ರತಿ ಟಿವಿಗೆ ಒಂದು ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರ್ (ಮುಂದೆ ಬರೀ ‘ಪೈ’), ಎಚ್‌ಡಿಎಂಐ ಕೇಬಲ್. ಪೈ 4 ಆದರೆ 5 ವೋಲ್ಟ್ 3 ಆಂಪ್ ಅಡಾಪ್ಟರ್ ಬೇಕು, ಮೊಬೈಲ್ ಚಾರ್ಜರ್ ಸಾಲದು.
- ಅಂಗಡಿ ಕೆಲಸಕ್ಕೆ ಮಾತ್ರ ಬಳಸುವ ಒಂದು ವೈಫೈ ರೂಟರ್. ಗಿರಾಕಿಗಳಿಗೆ ಕೊಡುವ ವೈಫೈ ಬೇರೆ ಇರಲಿ.
- ಫೋಮ್ ಡಬಲ್ ಟೇಪ್, ಕೇಬಲ್ ಟೈ, ಸ್ಪಿರಿಟ್, ಹತ್ತಿ, ಸಿಲಿಕಾ ಜೆಲ್ ಪೊಟ್ಟಣ, ಪ್ಲಾಸ್ಟಿಕ್ ಡಬ್ಬಿಗಳು.
- ಬ್ಲೂಟೂತ್ ಸ್ಕ್ಯಾನರ್ ಆ್ಯಪ್ ಹಾಕಿದ ಒಂದು ಮೊಬೈಲ್.

ಕೊನೆಯದನ್ನು ಸಣ್ಣದು ಎಂದುಕೊಳ್ಳಬೇಡಿ. ತಪ್ಪು ಎಲ್ಲಿದೆ ಎಂದು ಹುಡುಕುವಾಗ ಮೊದಲು ಕೈಗೆ ಬರಬೇಕಾದದ್ದು ಅದೇ.

ಹಂತ 4: ಕರೆಂಟ್ ಮತ್ತು ವೈಫೈ ಸರಿ ಮಾಡಿಕೊಳ್ಳಿ

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮಗೆ ಹೊಸದಲ್ಲ. ಕರೆಂಟ್ ಹೋದರೆ ಟಿವಿ ಆರಿದರೂ ನಷ್ಟವಿಲ್ಲ. ಆದರೆ ಪೈ ಮತ್ತು ರೂಟರ್ ಆರಬಾರದು. ಇನ್ವರ್ಟರ್‌ನಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಒಂದು ಕ್ಷಣದಲ್ಲೇ ಪೈ ರೀಸ್ಟಾರ್ಟ್ ಆಗುತ್ತದೆ.

ಹೀಗೆ ಪದೇ ಪದೇ ಆದರೆ ಪೈ ಒಳಗಿನ ಮೆಮೊರಿ ಕಾರ್ಡ್ ಕೆಡುತ್ತದೆ. ಎಲ್ಲ ಸೆಟ್ಟಿಂಗ್ ಮುಗಿದ ಮೇಲೆ ಪೈ ಕಾನ್ಫಿಗರೇಷನ್‌ನಲ್ಲಿ ‘ಓವರ್‌ಲೇ ಫೈಲ್ ಸಿಸ್ಟಮ್’ ಆನ್ ಮಾಡಿ. ಆಗ ಕಾರ್ಡಿನ ಮೇಲೆ ಏನನ್ನೂ ಬರೆಯುವುದಿಲ್ಲ, ಕರೆಂಟ್ ಹೋದರೂ ಹಾಳಾಗುವ ಭಯ ಇಲ್ಲ. ಹೊಸ ವಿಡಿಯೋ ಹಾಕುವಾಗ ಮಾತ್ರ ಅದನ್ನು ಆಫ್ ಮಾಡಿ ಹಾಕಿ, ಮತ್ತೆ ಆನ್ ಮಾಡಬೇಕು.

ಇನ್ನೊಂದು ಸೂಕ್ಷ್ಮ. ಪೈ 4ರ ಒಳಗೆ ಗಡಿಯಾರದ ಬ್ಯಾಟರಿ ಇಲ್ಲ. ಅದು ಸಮಯವನ್ನು ಇಂಟರ್ನೆಟ್‌ನಿಂದ ತೆಗೆದುಕೊಳ್ಳುತ್ತದೆ. ಕರೆಂಟ್ ಮತ್ತು ನೆಟ್ ಒಟ್ಟಿಗೆ ಹೋಗಿ, ಕರೆಂಟ್ ಮಾತ್ರ ಬಂದರೆ, ಪೈ ತಪ್ಪು ಸಮಯದಲ್ಲಿ ಎದ್ದು ಕೂರುತ್ತದೆ. ‘ಬೆಳಿಗ್ಗೆ ಈ ವಿಡಿಯೋ, ಸಂಜೆ ಆ ವಿಡಿಯೋ’ ಎಂಬ ನಿಯಮ ಇಟ್ಟಿದ್ದರೆ ಎಲ್ಲ ಅದಲುಬದಲು. ಬ್ಯಾಟರಿ ಇರುವ ಚಿಕ್ಕದೊಂದು ಗಡಿಯಾರದ ಬೋರ್ಡ್ (ಆರ್‌ಟಿಸಿ ಮಾಡ್ಯೂಲ್) ಹಾಕಿಸಿ, ಇಲ್ಲವೇ ಸಮಯದ ನಿಯಮವನ್ನೇ ಬಿಡಿ.

ವೈಫೈ ಚಾನೆಲ್ ಅನ್ನು ‘ಆಟೋ’ದಲ್ಲಿ ಬಿಡಬೇಡಿ. 1, 6 ಅಥವಾ 11ರಲ್ಲಿ ಒಂದಕ್ಕೆ ಕಟ್ಟಿಹಾಕಿ. ಬೀಕನ್‌ಗಳು ಸಿಗ್ನಲ್ ಕಳಿಸುವುದು 2402, 2426, 2480 ಮೆಗಾಹರ್ಟ್ಸ್‌ಗಳಲ್ಲಿ. 1, 6, 11ರ ವೈಫೈ ಈ ಮೂರರಿಂದ ಆದಷ್ಟು ತಪ್ಪಿಸಿಕೊಳ್ಳುತ್ತದೆ. ರೂಟರ್ 3 ಅಥವಾ 4ನೇ ಚಾನೆಲ್‌ನಲ್ಲಿದ್ದರೆ ನೇರ 2426ರ ಮೇಲೇ ಕೂರುತ್ತದೆ, ಬೀಕನ್‌ನ ಸಿಗ್ನಲ್ ಒಂದಷ್ಟು ಹೋಗಿಬಿಡುತ್ತದೆ.

ಹಂತ 5: ಟ್ಯಾಗ್ ಅಂಟಿಸುವುದು

ಸೋಲು ಶುರುವಾಗುವುದು ಇಲ್ಲಿ. ದಯವಿಟ್ಟು ನಿಧಾನವಾಗಿ ಓದಿ.

ಕಬ್ಬಿಣದ ತಂತಿ ಟ್ರಾಲಿಯ ಮೈಗೆ ಟ್ಯಾಗ್ ಒತ್ತಿ ಅಂಟಿಸಿದರೆ ಅದರ ಆಂಟೆನಾ ಕೆಲಸ ಮಾಡುವುದಿಲ್ಲ. ಲೋಹ ಅದರ ಶ್ರುತಿಯನ್ನೇ ಕೆಡಿಸುತ್ತದೆ. ಬೀಕನ್ ಆದರೆ ಸಿಗ್ನಲ್ ಒಂದೇ ಕಡೆಗೆ ಹೋಗುತ್ತದೆ, ತುಂಬಾ ದುರ್ಬಲವೂ ಆಗುತ್ತದೆ. ಸ್ಟಿಕ್ಕರ್ ಥರದ ಯುಎಚ್‌ಎಫ್ ಟ್ಯಾಗ್ ಆದರೆ ಓದುವುದೇ ಇಲ್ಲ ಅಂದರೂ ಸರಿ. ಯುಎಚ್‌ಎಫ್‌ನವರು ಲೋಹದ ಮೇಲೆ ಹಾಕಲೆಂದೇ ಮಾಡಿದ ‘ಆನ್ ಮೆಟಲ್’ ಟ್ಯಾಗ್ ಕೇಳಿ ತರಿಸಬೇಕು. ಬೀಕನ್‌ನವರು ಟ್ಯಾಗ್ ಮತ್ತು ಲೋಹದ ನಡುವೆ ಒಂದರಿಂದ ಒಂದೂವರೆ ಸೆಂಟಿಮೀಟರ್ ದಪ್ಪದ ಫೋಮ್ ಅಥವಾ ಪ್ಲಾಸ್ಟಿಕ್ ಇಡಬೇಕು.

ಜಾಗ ಯಾವುದು? ಹಿಡಿಕೆಯ ಮಧ್ಯ ಬೇಡ. ಅಲ್ಲಿ ಗಿರಾಕಿಯ ಕೈ ಇರುತ್ತದೆ, ಮೈಯಲ್ಲಿರುವ ನೀರು ಸಿಗ್ನಲನ್ನು ಹೀರಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಮಳೆಗಾಲದ್ದು. ಒಳಗೆ ಬಂದವರು ಒದ್ದೆ ರೈನ್‌ಕೋಟನ್ನು ಹಿಡಿಕೆಗೇ ನೇತು ಹಾಕುತ್ತಾರೆ. ನೀರು ತೊಟ್ಟಿಕ್ಕುವ ಕೋಟು ಟ್ಯಾಗ್ ಮೇಲೆ ಬಿದ್ದರೆ ಆ ಟ್ರಾಲಿ ಆವತ್ತು ಕಾಣುವುದೇ ಇಲ್ಲ. ಏಪ್ರಿಲ್‌ನಲ್ಲಿ ಸರಿಯಾಗಿದ್ದ ವ್ಯವಸ್ಥೆ ಜೂನ್‌ನಲ್ಲಿ ಕೆಟ್ಟಿತು ಎಂದು ದೂರುವ ಕಡೆ ಮೊದಲು ಇದನ್ನು ನೋಡಿ. ಟ್ರಾಲಿಯ ತಳ, ಬುಟ್ಟಿಯ ಒಳಗೆ, ಇವೂ ಬೇಡ. ನೀರಿನ ಬಾಟಲಿ, ಎಣ್ಣೆ ಡಬ್ಬ ತುಂಬಿದ ಕೂಡಲೇ ಮುಚ್ಚಿಹೋಗುತ್ತದೆ.

ನಾನು ಹೇಳುವ ಜಾಗ ಹಿಡಿಕೆಯ ಒಂದು ತುದಿಯಲ್ಲಿರುವ ಪ್ಲಾಸ್ಟಿಕ್ ಮೂಲೆ, ಅದರ ಹೊರಬದಿ. ಎಲ್ಲ ಟ್ರಾಲಿಗೂ ಒಂದೇ ಬದಿ, ಒಂದೇ ಎತ್ತರ. ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ ಹಾಕಿದರೆ ಮುಂದೆ ತೆಗೆಯುವ ಅಳತೆಗೆ ಅರ್ಥವೇ ಇರುವುದಿಲ್ಲ. ಅಂಟಿಸುವ ಮುಂಚೆ ಎರಡು ಟ್ರಾಲಿಯನ್ನು ಒಂದರೊಳಗೆ ಒಂದು ತೂರಿಸಿ ನೋಡಿ. ಹಿಂದಿನ ಟ್ರಾಲಿ ಒಳಗೆ ಹೋಗುವಾಗ ಟ್ಯಾಗ್ ಉಜ್ಜುತ್ತದೆಯೇ? ಉಜ್ಜಿದರೆ ವಾರದೊಳಗೆ ಕಿತ್ತು ಬರುತ್ತದೆ, ಜಾಗ ಬದಲಿಸಿ. ಚಕ್ರದ ಪ್ಲಾಸ್ಟಿಕ್ ಬುಟ್ಟಿ ಬಳಸುವವರಿಗೆ ಈ ತಲೆನೋವು ಇಲ್ಲ, ಬುಟ್ಟಿಯ ಹೊರಮೈ ಮೇಲ್ಭಾಗದಲ್ಲಿ ಅಂಟಿಸಿದರೆ ಸಾಕು.

ಅಂಟಿಸುವ ಜಾಗವನ್ನು ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿ. ಬಿಸಿಲಿರುವ ದಿನ ಮಾಡಿ. ಥಂಡಿ ಹಿಡಿದ ಪ್ಲಾಸ್ಟಿಕ್ ಮೇಲೆ ಡಬಲ್ ಟೇಪ್ ಕೂರುವುದಿಲ್ಲ. ಅಂಟಿಸಿ ಒಂದು ಇಡೀ ದಿನ ಟ್ರಾಲಿಯನ್ನು ಹಾಗೇ ಬಿಡಿ. ಮೇಲಿಂದ ಕೇಬಲ್ ಟೈ ಬಿಗಿಯಿರಿ.

ನಂಬರ್ ಕೊಡುವ ಕ್ರಮ ಸುಲಭ. ಐಬೀಕನ್‌ನಲ್ಲಿ ಮೂರು ಗುರುತು ಇರುತ್ತವೆ: ಯುಯುಐಡಿ, ಮೇಜರ್, ಮೈನರ್. ಯುಯುಐಡಿ ನಿಮ್ಮ ಅಂಗಡಿಗೆಲ್ಲ ಒಂದೇ. ಮೇಜರ್ ಶಾಖೆಗೆ, ಮೈನರ್ ಟ್ರಾಲಿಗೆ. 7ನೇ ಟ್ರಾಲಿಯ ಮೈನರ್ 7. ಅದೇ ನಂಬರನ್ನು ಟ್ರಾಲಿ ಮೇಲೂ ಪೇಂಟ್‌ನಲ್ಲಿ ಬರೆಯಿರಿ. ಸಿಗ್ನಲ್ ಕಳಿಸುವ ಅಂತರ 500 ಮಿಲಿಸೆಕೆಂಡ್ ಇಡಿ. 100ಕ್ಕೆ ಇಳಿಸಿದರೆ ಬ್ಯಾಟರಿ ಬೇಗ ಮುಗಿಯುತ್ತದೆ, 2 ಸೆಕೆಂಡಿಗೆ ಏರಿಸಿದರೆ ಟಿವಿ ಬದಲಾಗುವಷ್ಟರಲ್ಲಿ ಗಿರಾಕಿ ಮುಂದೆ ಹೋಗಿರುತ್ತಾರೆ.

ಹಂತ 6: ರಿಸೀವರ್ ಕೂರಿಸುವುದು

ಟಿವಿಯ ಹಿಂದೆ ಬೇಡ. ಟಿವಿಯ ಬೆನ್ನಲ್ಲೂ ಲೋಹದ ತಗಡು ಇರುತ್ತದೆ. ಇಎಸ್‌ಪಿ32 ಬೋರ್ಡನ್ನು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಸಾಲಿನ ಕಡೆ ಮುಖ ಮಾಡಿ, ಸೊಂಟದಿಂದ ಎದೆ ಎತ್ತರದಲ್ಲಿ, ಲೋಹದಿಂದ ನಾಲ್ಕು ಬೆರಳು ದೂರ ಕೂರಿಸಿ.

ಕಬ್ಬಿಣದ ರ‍್ಯಾಕ್ ಆಗಿದ್ದರೆ ಅದರ ಬೆನ್ನ ತಗಡು ಪಕ್ಕದ ಸಾಲಿನ ಸಿಗ್ನಲನ್ನು ಸಾಕಷ್ಟು ತಡೆಯುತ್ತದೆ. ಮರದ ರ‍್ಯಾಕ್ ತಡೆಯುವುದಿಲ್ಲ. ಪಕ್ಕದ ಸಾಲಿನ ಟ್ರಾಲಿಗೆ ಈ ಟಿವಿ ಬದಲಾಗುವ ತೊಂದರೆ ಮರದ ರ‍್ಯಾಕಿನ ಅಂಗಡಿಗಳಲ್ಲೇ ಜಾಸ್ತಿ. ಇದಕ್ಕೆ ಮದ್ದು ಒಂದೇ: ಟಿವಿ ಇಲ್ಲದ ಪಕ್ಕದ ಸಾಲಿನಲ್ಲೂ ಒಂದು ರಿಸೀವರ್ ಇಡಿ. ಎರಡರಲ್ಲಿ ಯಾವುದಕ್ಕೆ ಟ್ಯಾಗ್ ಜೋರಾಗಿ ಕೇಳುತ್ತದೋ ಟ್ರಾಲಿ ಆ ಸಾಲಿನದ್ದು. ಟಿವಿ ಇಲ್ಲದ ಕಡೆ ರಿಸೀವರ್ ಯಾಕೆ, ದುಡ್ಡು ದಂಡ ಅಲ್ವಾ ಎಂದು ಕೇಳುತ್ತಾರೆ. ಆ ಒಂದು ಬೋರ್ಡ್ ಇಲ್ಲದೆ ಸಾಫ್ಟ್‌ವೇರ್‌ನಲ್ಲಿ ಏನೇ ತಿದ್ದಿದರೂ ಈ ತೊಂದರೆ ಹೋಗುವುದಿಲ್ಲ.

ಬೋರ್ಡಿನ ಪ್ರೋಗ್ರಾಂ ಬರೆಯುವವರಿಗೆ ಎರಡು ಮಾತು. ಒಂದು, ಸ್ಕ್ಯಾನ್‌ನಲ್ಲಿ ‘ಡೂಪ್ಲಿಕೇಟ್ ಫಿಲ್ಟರ್’ ಆಫ್ ಮಾಡಿ. ಅದು ಆನ್ ಇದ್ದರೆ ಒಂದು ಟ್ಯಾಗನ್ನು ಒಂದೇ ಸಲ ಹೇಳಿ, ಆಮೇಲೆ ಅದೇ ಟ್ಯಾಗ್ ಎಷ್ಟು ಸಲ ಕೇಳಿಸಿದರೂ ಹೇಳುವುದಿಲ್ಲ. ಟ್ರಾಲಿ ಎದುರಲ್ಲೇ ಇದ್ದರೂ ಟಿವಿ ಒಮ್ಮೆ ಬದಲಾಗಿ ಸುಮ್ಮನಾಗುವುದಕ್ಕೆ ಮುಖ್ಯ ಕಾರಣ ಇದು. ಎರಡು, ಇಎಸ್‌ಪಿ32ರಲ್ಲಿ ವೈಫೈಗೂ ಬ್ಲೂಟೂತ್‌ಗೂ ಇರುವುದು ಒಂದೇ ರೇಡಿಯೋ. ಸ್ಕ್ಯಾನ್ ಅಂತರ 100 ಮಿಲಿಸೆಕೆಂಡ್ ಇದ್ದರೆ ಸ್ಕ್ಯಾನ್ ಕಿಟಕಿ, ಅಂದರೆ ಅದರಲ್ಲಿ ಟ್ಯಾಗ್‌ಗೆ ಕಿವಿಗೊಡುವ ಹೊತ್ತು, 60ರ ಆಸುಪಾಸು ಇಡಿ. ಎರಡನ್ನೂ ಸಮ ಮಾಡಿದರೆ ವೈಫೈಗೆ ಸಮಯ ಸಿಗದೆ ಸಂಪರ್ಕ ಕಡಿದು ಹೋಗುತ್ತಿರುತ್ತದೆ.

ಯುಎಚ್‌ಎಫ್‌ನವರಿಗೂ ಇದೇ ರೋಗ ಬೇರೆ ಹೆಸರಲ್ಲಿ ಬರುತ್ತದೆ. ರೀಡರ್ ಸೆಟ್ಟಿಂಗ್‌ನಲ್ಲಿ ‘ಸೆಷನ್’ ಎಸ್2 ಅಥವಾ ಎಸ್3 ಇದ್ದರೆ ಟ್ಯಾಗ್ ಒಮ್ಮೆ ಉತ್ತರ ಕೊಟ್ಟು, ಆಂಟೆನಾ ಎದುರು ಇರುವಷ್ಟು ಹೊತ್ತೂ ಬಾಯಿ ಮುಚ್ಚಿಕೊಂಡಿರಬಹುದು. ಸಾಮಾನು ಎಣಿಸುವವರಿಗೆ ಅದು ಬೇಕು, ನಮಗೆ ಬೇಡ. ಎಸ್0 ಇಡಿ. ಪವರ್ ಕೂಡ ಪೂರ್ತಿ ಏರಿಸಬೇಡಿ. 20 ಡಿಬಿಎಂ ಸುಮಾರಿಗೆ ಶುರು ಮಾಡಿ, ಸಾಲದಿದ್ದರೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಜಾಸ್ತಿ ಪವರ್ ಕೊಟ್ಟರೆ ಕಬ್ಬಿಣದ ರ‍್ಯಾಕುಗಳಿಗೆ ಬಡಿದು ದೂರದ ಟ್ರಾಲಿಗಳನ್ನೂ ಓದುತ್ತದೆ.

ಹಂತ 7: ಅಳತೆ ತೆಗೆಯುವುದು

ರಿಸೀವರ್ ಪ್ರತಿ ಸಲ ಟ್ಯಾಗ್ ಜೊತೆ ಒಂದು ಸಂಖ್ಯೆಯನ್ನೂ ಕೊಡುತ್ತದೆ, ಸಿಗ್ನಲ್ ಬಲ. ಅದು ಮೈನಸ್‌ನಲ್ಲಿರುತ್ತದೆ. ಮೈನಸ್ 50 ಅಂದರೆ ಜೋರು, ಮೈನಸ್ 90 ಅಂದರೆ ಕ್ಷೀಣ.

ಒಂದು ಟ್ರಾಲಿಯನ್ನು ವಲಯದ ಮಧ್ಯೆ, ನಾಲ್ಕು ಮೂಲೆ, ವಲಯದಿಂದ 2 ಮೀಟರ್ ಹೊರಗೆ, ಪಕ್ಕದ ಸಾಲಿನಲ್ಲಿ, ಹೀಗೆ ಒಂದೊಂದು ಕಡೆ ಒಂದೊಂದು ನಿಮಿಷ ನಿಲ್ಲಿಸಿ ಬರೆದುಕೊಳ್ಳಿ. ಮೊದಲು ಅಂಗಡಿ ಖಾಲಿ ಇದ್ದಾಗ. ಆಮೇಲೆ ಟ್ರಾಲಿಯಲ್ಲಿ ನೀರಿನ ಬಾಟಲಿ ತುಂಬಿ. ಆಮೇಲೆ ಜನ ತುಂಬಿದ ಭಾನುವಾರ. ಮೂರನೆಯ ಅಳತೆಯನ್ನು ಬಿಡುವವರೇ ಹೆಚ್ಚು. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಸೆಟ್ ಮಾಡಿದ್ದು ಹಗಲು ಕೈಕೊಡುವುದು ಇದರಿಂದಲೇ. ಜನರ ಮೈ ಅಡ್ಡ ಬಂದಾಗ ಸಿಗ್ನಲ್ ಬಹಳ ಕುಸಿಯುತ್ತದೆ.

ಒಂದೇ ಜಾಗದಲ್ಲಿ ನಿಂತ ಟ್ರಾಲಿಯ ಸಂಖ್ಯೆಗಳೂ ಸ್ಥಿರವಾಗಿರುವುದಿಲ್ಲ. ಐದು ಸಲ ಹೀಗೆ ಬಂತು ಎಂದುಕೊಳ್ಳಿ: ಮೈನಸ್ 61, 74, 63, 60, 79. ಸರಾಸರಿ ತೆಗೆದರೆ ಮೈನಸ್ 67.4. ಸಾಲಾಗಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಮೈನಸ್ 63. ಟ್ರಾಲಿ ಒಳಗೋ ಹೊರಗೋ ಎಂದು ತೀರ್ಮಾನಿಸುವ ನಿಮ್ಮ ಗೆರೆ ಮೈನಸ್ 65 ಇದ್ದರೆ ಸರಾಸರಿ ಪ್ರಕಾರ ಟ್ರಾಲಿ ಹೊರಗಿದೆ, ನಡುವಿನ ಸಂಖ್ಯೆ ಪ್ರಕಾರ ಒಳಗಿದೆ. ನಿಜವಾಗಿ ಟ್ರಾಲಿ ಒಳಗೇ ಇತ್ತು, ಯಾರೋ ಎರಡು ಸಲ ಅಡ್ಡ ಬಂದರು ಅಷ್ಟೆ. ಆದ್ದರಿಂದ ಸರಾಸರಿ ಬೇಡ, ಕೊನೆಯ ಐದರಲ್ಲಿ ನಡುವಿನ ಸಂಖ್ಯೆ ಸಾಕು.

ಇನ್ನು ಗೆರೆ. ಒಂದಲ್ಲ, ಎರಡು ಗೆರೆ ಬೇಕು. ಒಳಗೆ ಬಂತು ಅನ್ನಲು ಮೈನಸ್ 65, ಹೊರಗೆ ಹೋಯಿತು ಅನ್ನಲು ಮೈನಸ್ 75. ಈ ಸಂಖ್ಯೆಗಳು ಶುರು ಮಾಡಲು ಮಾತ್ರ, ನಿಮ್ಮ ಅಂಗಡಿಯ ಅಳತೆ ನೋಡಿ ಬದಲಿಸಿ. ನಡುವೆ 8ರಿಂದ 10ರ ಅಂತರವನ್ನು ಮಾತ್ರ ಬಿಡಲೇಬೇಕು. ಒಂದೇ ಗೆರೆ ಇಟ್ಟರೆ ಟ್ರಾಲಿ ಆ ಗೆರೆ ಮೇಲೆ ನಿಂತಾಗಲೆಲ್ಲ ಒಳಗೆ ಹೊರಗೆ, ಒಳಗೆ ಹೊರಗೆ. ಟಿವಿ ಹಾರಾಡುವುದು ಇದರಿಂದ.

ಹಂತ 8: ನಿಯಮಗಳು, ಸರ್ವರ್, ಟಿವಿ

ರಿಸೀವರ್‌ಗಳು ಮತ್ತು ಟಿವಿಗಳ ನಡುವೆ ಸುದ್ದಿ ಸಾಗಿಸಲು ಎಂಕ್ಯೂಟಿಟಿ ಬಳಸಿ. ಒಂದು ಪೈ ಮೇಲೆ ಮಾಸ್ಕಿಟೋ ಎಂಬ ಉಚಿತ ಸರ್ವರ್ ಹಾಕಿ. ಇದರ 2.0 ಆವೃತ್ತಿಯಿಂದ ಒಂದು ಬದಲಾವಣೆ ಆಗಿದೆ: ಏನೂ ಸೆಟ್ ಮಾಡದಿದ್ದರೆ ಅದೇ ಕಂಪ್ಯೂಟರಿನ ಒಳಗಿನ ಸಂಪರ್ಕವನ್ನು ಮಾತ್ರ ಒಪ್ಪುತ್ತದೆ. ಬೋರ್ಡ್‌ಗಳು ಎಷ್ಟು ಬಡಿದರೂ ಬಾಗಿಲು ತೆರೆಯುವುದಿಲ್ಲ. ಸೆಟ್ಟಿಂಗ್ ಫೈಲಿನಲ್ಲಿ ಲಿಸನರ್ 1883 (listener 1883) ಎಂದು ಸೇರಿಸಿ, ಪಾಸ್‌ವರ್ಡ್ ಇಡಿ. ಪಾಸ್‌ವರ್ಡ್ ಇಲ್ಲದೆ ಎಲ್ಲರಿಗೂ ಬಿಡುವ ಸೆಟ್ಟಿಂಗ್ ಸುಲಭ ಅನಿಸಬಹುದು, ಆದರೆ ನಿಮ್ಮ ವೈಫೈಗೆ ಬಂದ ಯಾರು ಬೇಕಾದರೂ ಟಿವಿಗೆ ಏನು ಬೇಕಾದರೂ ಹಾಕಬಹುದು.

ನಿಯಮಗಳು ಇಷ್ಟಿದ್ದರೆ ಸಾಕು. ಟ್ರಾಲಿ ವಲಯದಲ್ಲಿ 3 ಸೆಕೆಂಡ್ ಇದ್ದರೆ ಮಾತ್ರ ಟಿವಿ ಬದಲಿಸಿ, ಹಾದು ಹೋಗುವವರನ್ನು ಬಿಟ್ಟುಬಿಡಿ. ಬದಲಿಸಿದ ಮೇಲೆ ಕನಿಷ್ಠ 10 ಸೆಕೆಂಡ್ ಅದೇ ಇರಲಿ. ಟ್ಯಾಗ್ 6 ಸೆಕೆಂಡ್ ಕೇಳಿಸದಿದ್ದರೆ ಟ್ರಾಲಿ ಹೋಯಿತು ಎಂದುಕೊಂಡು ಮಾಮೂಲಿ ವಿಡಿಯೋಗೆ ಮರಳಲಿ. ವಲಯಕ್ಕೆ ಎರಡನೇ ಟ್ರಾಲಿ ಬಂದರೆ ವಿಡಿಯೋವನ್ನು ಮೊದಲಿಂದ ಶುರು ಮಾಡಬೇಡಿ. ಮೊದಲು ಬಂದವರು ಅರ್ಧ ನೋಡಿರುತ್ತಾರೆ. ಒಂದು ಟ್ರಾಲಿ 5 ನಿಮಿಷ ಅಲ್ಲೇ ಇದ್ದರೆ ಯಾರೋ ಬಿಟ್ಟು ಹೋಗಿದ್ದಾರೆ ಎಂದು ಅದನ್ನು ಲೆಕ್ಕದಿಂದ ತೆಗೆಯಿರಿ.

ಎಂಕ್ಯೂಟಿಟಿ ಸಂದೇಶದಲ್ಲಿ ‘ರಿಟೇನ್’ ಗುರುತು ಹಾಕಬೇಡಿ. ಹಾಕಿದರೆ ‘ಟ್ರಾಲಿ ಬಂತು’ ಎಂಬ ಹಳೆಯ ಸುದ್ದಿ ಸರ್ವರ್‌ನಲ್ಲಿ ಉಳಿದು, ಬೆಳಿಗ್ಗೆ ಟಿವಿ ಆನ್ ಮಾಡಿದ ತಕ್ಷಣ ನಿನ್ನೆಯ ಟ್ರಾಲಿಗೆ ವಿಡಿಯೋ ತೋರಿಸುತ್ತದೆ.

ಟಿವಿ ಬದಿಯ ಪೈನಲ್ಲಿ ಎಂಪಿವಿ ಎಂಬ ವಿಡಿಯೋ ಪ್ಲೇಯರ್ ಸಾಕು. ಅದನ್ನು ಪ್ರತಿ ಸಲ ಮುಚ್ಚಿ ತೆರೆಯಬೇಡಿ, ನಡುವೆ ಕಪ್ಪು ಪರದೆ ಬರುತ್ತದೆ. ಒಮ್ಮೆ ತೆರೆದು, ಬೇರೆ ಪ್ರೋಗ್ರಾಂನಿಂದ ಅದಕ್ಕೆ ಆಜ್ಞೆ ಕೊಡುವ ಐಪಿಸಿ ದಾರಿಯಲ್ಲಿ ‘ಈ ಫೈಲ್ ಹಾಕು’ ಎಂದು ಹೇಳಿಸಿ. ಟಿವಿಯ ಸೆಟ್ಟಿಂಗ್‌ನಲ್ಲಿ ಆಟೋ ಆಫ್ ತೆಗೆಯಿರಿ, ಕರೆಂಟ್ ಬಂದಾಗ ಹಿಂದಿನ ಎಚ್‌ಡಿಎಂಐಗೇ ಮರಳುವಂತೆ ಮಾಡಿ. ಎಲ್ಲ ಟಿವಿಗಳಲ್ಲಿ ಇದು ಇರುವುದಿಲ್ಲ, ಕೊಳ್ಳುವಾಗಲೇ ಅಂಗಡಿಯಲ್ಲಿ ಪ್ಲಗ್ ಕಿತ್ತು ಹಾಕಿಸಿ ನೋಡಿ.

ಹಂತ 9: ಪರದೆಯಲ್ಲಿ ಏನಿರಬೇಕು

ಚುಟುಕಾಗಿ ಹೇಳುತ್ತೇನೆ. 10ರಿಂದ 15 ಸೆಕೆಂಡ್, ಸದ್ದಿಲ್ಲದೆ, ದೊಡ್ಡ ಅಕ್ಷರ. ಗಿರಾಕಿ ಕೇಳುವ ಮೊದಲ ಪ್ರಶ್ನೆಗೆ ಉತ್ತರ ಇರಲಿ. ಕಾಚಂಪುಳಿ ಬಾಟಲಿ ಹಿಡಿದು ‘ಇದೇನು?’ ಎಂದು ಕೇಳದ ಪ್ರವಾಸಿ ಇಲ್ಲ. ಪಂದಿ ಕರಿ ಬೇಯುತ್ತಿರುವ ಪಾತ್ರೆಗೆ ಕೊನೆಯಲ್ಲಿ ಒಂದು ಚಮಚ ಕಪ್ಪು ಹುಳಿ ಬೀಳುವುದನ್ನು ತೋರಿಸಿ, ಕೆಳಗೆ ‘ಹುಳಿಗೆ, ಸ್ವಲ್ಪ ಸಾಕು’ ಎಂದು ಬರೆದರೆ ಮುಗಿಯಿತು. ಕಾಫಿ ಎದುರು ಅರೇಬಿಕಾ, ರೊಬಸ್ಟಾ ವ್ಯತ್ಯಾಸ ಮತ್ತು ಚಿಕೋರಿ ಎಷ್ಟು ಶೇಕಡಾ ಎಂದು ತೋರಿಸಿ. ಬೆಲೆಯನ್ನು ವಿಡಿಯೋ ಒಳಗೆ ಬರೆಯಬೇಡಿ. ಬೆಲೆ ಬದಲಾದಾಗ ಟಿವಿಯಲ್ಲಿ ಒಂದು, ಬಿಲ್ಲಿನಲ್ಲಿ ಒಂದು ಆಗಿ ಕೌಂಟರ್‌ನಲ್ಲಿ ಜಗಳ.

ಹಂತ 10: ಗಿರಾಕಿಯ ಗುರುತು ಮುಟ್ಟಬೇಡಿ

ಟ್ಯಾಗ್ ಇರುವುದು ಟ್ರಾಲಿಗೆ, ಮನುಷ್ಯರಿಗಲ್ಲ. ಹಾಗೇ ಇರಲಿ. 7ನೇ ಟ್ರಾಲಿ ಎಲ್ಲಿ ನಿಂತಿತು ಅನ್ನುವುದನ್ನು ಬಿಲ್ಲಿನ ಮೊಬೈಲ್ ನಂಬರ್ ಜೊತೆ ಸೇರಿಸಿದ ಕ್ಷಣ ಅದು ಒಬ್ಬ ವ್ಯಕ್ತಿಯ ಮಾಹಿತಿಯಾಗುತ್ತದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. ಸಾಫ್ಟ್‌ವೇರ್ ಮಾರುವವರು ಇದನ್ನೇ ದೊಡ್ಡ ಲಾಭ ಎಂದು ಹೇಳಿಕೊಂಡು ಬರಬಹುದು. ಬೇಡ ಅನ್ನಿ. ‘ಈ ಟ್ರಾಲಿಗಳಲ್ಲಿ ಟಿವಿ ಬದಲಿಸುವ ಟ್ಯಾಗ್ ಇದೆ, ನಿಮ್ಮ ಮಾಹಿತಿ ಪಡೆಯುವುದಿಲ್ಲ’ ಎಂಬ ಫಲಕ ಬಾಗಿಲಲ್ಲಿ ಹಾಕಿ.

ಕೆಡುವ ಮುಂಚಿನ ಸೂಚನೆಗಳು

ಒಂದೇ ಟ್ರಾಲಿ ಮಾತ್ರ ಕಾಣದಿದ್ದರೆ ಟ್ಯಾಗ್ ಅಥವಾ ಬ್ಯಾಟರಿ. ಮೊಬೈಲ್ ಆ್ಯಪ್ ಹಿಡಿದು ಹತ್ತಿರ ಹೋಗಿ ನೋಡಿ. ಒಂದು ವಲಯದಲ್ಲಿ ಯಾವ ಟ್ರಾಲಿಯೂ ಕಾಣದಿದ್ದರೆ ರಿಸೀವರ್ ಅಥವಾ ಅದರ ಅಡಾಪ್ಟರ್. ಎಲ್ಲ ವಲಯವೂ ಒಟ್ಟಿಗೆ ನಿಂತರೆ ರೂಟರ್ ಅಥವಾ ಸರ್ವರ್. ಈ ಕ್ರಮದಲ್ಲಿ ಹುಡುಕಿದರೆ ಅರ್ಧ ಗಂಟೆಯ ಕೆಲಸ ಐದು ನಿಮಿಷಕ್ಕೆ ಮುಗಿಯುತ್ತದೆ.

ಟಿವಿ ಬದಲಾಗುವುದು ದಿನದಿಂದ ದಿನಕ್ಕೆ ತಡವಾಗುತ್ತಿದ್ದರೆ ಬ್ಯಾಟರಿಗಳು ಇಳಿಯುತ್ತಿವೆ. ಪೈ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬಂದರೆ ಅಡಾಪ್ಟರ್ ಅಥವಾ ಕೇಬಲ್ ದುರ್ಬಲ, ಅವತ್ತೇ ಬದಲಿಸಿ. ಸಾಮಾನಿನ ಜಾಗ ಬದಲಿಸಿದ ಮರುದಿನ ತೊಂದರೆ ಶುರುವಾದರೆ ರಿಸೀವರ್ ಎದುರು ನೀರಿನ ಬಾಟಲಿ, ಜೇನು, ಜ್ಯೂಸ್ ಪೇರಿಸಿದ್ದಾರೆಯೇ ನೋಡಿ. ಹಬ್ಬದ ಹೊತ್ತಿನಲ್ಲಿ ಸ್ಟಾಕ್ ಇಳಿಸುವ ಹುಡುಗರಿಗೆ ಇದನ್ನು ಮೊದಲೇ ಹೇಳಿರಬೇಕು.

ಮಳೆಗಾಲಕ್ಕೆ ಮುಂಚೆ

ಮೇ ಕೊನೆಯ ವಾರ ಒಂದು ದಿನ ಇದಕ್ಕೆ ಇಡಿ. ಎಲ್ಲ ಟ್ಯಾಗ್ ಕೈಯಲ್ಲಿ ಅಲುಗಾಡಿಸಿ, ಸಡಿಲ ಇರುವುದನ್ನು ಕಿತ್ತು ಒರೆಸಿ ಮತ್ತೆ ಅಂಟಿಸಿ. ರಿಸೀವರ್ ಡಬ್ಬಿಗಳಲ್ಲಿ ಹೊಸ ಸಿಲಿಕಾ ಜೆಲ್ ಹಾಕಿ. ಯುಎಸ್‌ಬಿ ತುದಿಗಳಲ್ಲಿ ಹಸಿರು ಕಿಲುಬು ಹಿಡಿದಿದ್ದರೆ ಒರೆಸಿ ಉಳಿಸಲು ನೋಡಬೇಡಿ, ಕೇಬಲ್ಲನ್ನೇ ಬದಲಿಸಿ. ಟಿವಿಯನ್ನು ಹೊರಗೋಡೆಗೆ ತಾಗಿಸಿ ಹಾಕಿದ್ದರೆ ಎರಡು ಬೆರಳು ಗಾಳಿ ಆಡುವ ಹಾಗೆ ಮುಂದಕ್ಕೆ ತನ್ನಿ, ಗೋಡೆಯ ತೇವ ಟಿವಿ ಬೆನ್ನಿಗೆ ಏರುತ್ತದೆ. ಗೋಡೌನ್‌ಗೂ ಅಂಗಡಿಗೂ ನಡುವೆ ಹೊರಗಿನಿಂದ ಎಳೆದ ಲ್ಯಾನ್ ಕೇಬಲ್ ಇದ್ದರೆ ಗುಡುಗು ಮಿಂಚು ಬರುವಾಗ ಎರಡೂ ತುದಿ ಕಿತ್ತಿಡಿ.

ಬ್ಯಾಟರಿಯನ್ನು ಸಾಯುವವರೆಗೆ ಕಾಯದೆ ಎಲ್ಲ ಟ್ರಾಲಿಗೂ ಒಂದೇ ದಿನ ಬದಲಿಸಿ. ಬದಲಿಸಿದ ತಾರೀಖನ್ನು ಟ್ಯಾಗ್ ಮೇಲೆ ಮಾರ್ಕರ್‌ನಿಂದ ಬರೆಯಿರಿ. ಎರಡು ಟ್ಯಾಗ್, ಒಂದು ಇಎಸ್‌ಪಿ32, ಒಂದು ಅಡಾಪ್ಟರ್, ಎಲ್ಲ ಸೆಟ್ಟಿಂಗ್ ತುಂಬಿದ ಒಂದು ಮೆಮೊರಿ ಕಾರ್ಡ್, ಇಷ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ ಕೌಂಟರ್ ಕೆಳಗೆ ಇಟ್ಟಿರಿ. ಮಳೆ ಹಿಡಿದಾಗ ಕೊರಿಯರ್ ತಡವಾಗುತ್ತದೆ, ಮೈಸೂರಿಗೆ ಹೋಗಿ ತರುವುದೂ ಸುಲಭವಲ್ಲ.